ಉಜ್ಜಿ ಬೆಳ್ಳಗಾದ ಚಾಕು

ಅತ್ತೆ ತಮ್ಮ ತಂಗಿಯ ಮನೆಗೆ ಹೊರಟ ದಿನ ಅಡುಗೆಮನೆ ಮೊದಲ ಸಲ ಪೂರ್ತಿಯಾಗಿ ಸೊಸೆಯ ಕೈಗೆ ಬಂತು. ಮದುವೆಯಾಗಿ ಈ ಮನೆಗೆ ಬಂದು ನಾಲ್ಕು ತಿಂಗಳಾಗಿದ್ದರೂ ಅವಳು ಅಲ್ಲಿ ಒಂದು ಚಮಚವನ್ನೂ ಅದರ ಜಾಗದಿಂದ ಕದಲಿಸಿರಲಿಲ್ಲ. ಕದಲಿಸಲು ಅತ್ತೆ ಬಿಟ್ಟಿರಲಿಲ್ಲ ಎನ್ನುವುದೇ ಸರಿ. ಉಪ್ಪಿನ ಡಬ್ಬಿ ಒಲೆಯ ಎಡಕ್ಕೆ, ಸಕ್ಕರೆ ಅದರ ಹಿಂದೆ, ಎಣ್ಣೆ ಕಿಟಕಿಯ ಕೆಳಗೆ. ಒಂದು ಅಂಗುಲ ಆಚೀಚೆಯಾದರೂ "ಯಾರು ಇಲ್ಲಿ ಕೈಯಾಡಿಸಿದ್ದು?" ಎಂದು ಅತ್ತೆಯ ದನಿ ಏರುತ್ತಿತ್ತು.

ಸೊಸೆಗೆ ಕೆಲಸ ದೊಡ್ಡಾಸ್ಪತ್ರೆಯಲ್ಲಿ. ಆಪರೇಷನ್ನಿಗೆ ಬಳಸಿದ ಕತ್ತರಿ, ಚಿಮಟ, ಚಾಕುಗಳನ್ನು ತೊಳೆದು, ಒಂದೊಂದನ್ನೂ ದೀಪದ ಕೆಳಗೆ ತಿರುಗಿಸಿ ನೋಡಿ, ತಟ್ಟೆಯಲ್ಲಿ ಜೋಡಿಸಿ ಆವಿಯ ಯಂತ್ರಕ್ಕೆ ಕಳಿಸುವುದು. ಸಾಸಿವೆ ಕಾಳಿನಷ್ಟು ಕಂದು ಚುಕ್ಕೆ ಕಂಡರೂ ಇಡೀ ತಟ್ಟೆ ವಾಪಸ್. ಹೀಗೆ ಪಳಗಿದ ಅವಳ ಕಣ್ಣು ಎಲ್ಲಿ ಹೋದರೂ ಮೊದಲು ಕಲೆಯನ್ನೇ ಹುಡುಕುತ್ತಿತ್ತು.

ಆ ವಾರ ಅವಳು ರಜೆ ಹಾಕಿ ಟೊಂಕ ಕಟ್ಟಿ ನಿಂತಳು. ಜಿಡ್ಡು ಹಿಡಿದ ಪ್ಲಾಸ್ಟಿಕ್ ಡಬ್ಬಿಗಳೆಲ್ಲ ಹೊರಗೆ ಹೋದವು. ಒಂದೇ ಅಳತೆಯ ಸ್ಟೀಲ್ ಡಬ್ಬಿಗಳು ಸಾಲಾಗಿ ಬಂದು ಕೂತವು. ಅಡುಗೆ ಕಟ್ಟೆಯ ಬಿಳಿ ಟೈಲ್ಸು ಹಾಲಿನಂತಾಯಿತು.

ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡುವ ನಾದಿನಿ ಬಾಗಿಲಲ್ಲೇ ನಿಂತು ಕಣ್ಣರಳಿಸಿದಳು.

"ಅತ್ತಿಗೆ, ಒಳಗೆ ಬರ್ಬೇಕಾದ್ರೆ ಮೂತಿಗೆ ಬಟ್ಟೆ ಕಟ್ಕೊಂಡು ಬರ್ಲಾ?"

"ಕಾಲು ತೊಳ್ಕೊಂಡು ಬಾ ಸಾಕು."

"ಅಮ್ಮ ನೋಡಿದ್ರೆ ಮೂರ್ಛೆ ಹೋಗ್ತಾಳೆ."

"ಹೋಗ್ಲಿ ಅಂತಾನೇ ಮಾಡ್ತಿರೋದು," ಎಂದು ಸೊಸೆ ನಕ್ಕಳು.

ಕೊನೆಗೆ ಉಳಿದದ್ದು ಕರಿಯಣ್ಣ. ಅದು ಅತ್ತೆಯ ಚಾಕು. ಅವರು ಹುಡುಗಿಯರ ಹಾಸ್ಟೆಲೊಂದರಲ್ಲಿ ಅಡುಗೆಗೆ ಇದ್ದಾಗಿನದು. ಸ್ಟೀಲಿನದಲ್ಲ, ಕಬ್ಬಿಣದ್ದು. ಬೆನ್ನಿನ ಕಡೆ ಮಸಿಯಂತೆ ಕಪ್ಪು, ಹೊಟ್ಟೆಯಲ್ಲಿ ನೀಲಿ, ಅಲ್ಲಲ್ಲಿ ಮೋಡದಂತೆ ಬೂದು. ಅಂಚಿನಲ್ಲಿ ಮಾತ್ರ ದಾರದಷ್ಟು ಬಿಳಿ ಗೆರೆ. ಮಕ್ಕಳು ಚಿಕ್ಕವರಿದ್ದಾಗ ಇಟ್ಟ ಹೆಸರು ಅದಕ್ಕೇ ಅಂಟಿಕೊಂಡಿತ್ತು. ಸೊಸೆಗೋ ಅದನ್ನು ನೋಡಿದಾಗೆಲ್ಲ ಮೈ ಜುಮ್ಮೆನ್ನುತ್ತಿತ್ತು. ಇದರಲ್ಲಿ ಹೆಚ್ಚಿದ್ದನ್ನೇ ದಿನವೂ ತಿನ್ನುತ್ತಿದ್ದೇವಲ್ಲ ಎಂದು ಎಷ್ಟೋ ಸಲ ತುತ್ತು ಗಂಟಲಲ್ಲಿ ನಿಂತಿತ್ತು.

ವಿನೆಗರ್ ಸುರಿದಳು. ಪಾತ್ರೆ ತೊಳೆಯುವ ಪುಡಿ ಉದುರಿಸಿದಳು. ತಂತಿಯ ಬ್ರಷ್ಷಿನಿಂದ ಒಂದು ಮಧ್ಯಾಹ್ನವಿಡೀ ತೋಳು ಬೀಳುವಂತೆ ಉಜ್ಜಿದಳು. ಕಪ್ಪು ನೀರು ಹರಿದು ಹರಿದು ಕೊನೆಗೆ ತಿಳಿಯಾಯಿತು. ಚಾಕು ಅಂಗಡಿಯಿಂದ ಈಗಷ್ಟೇ ತಂದಂತೆ ಬೆಳ್ಳಗೆ ಹೊಳೆಯಿತು. ಅತ್ತೆಗೆ ತಾನು ಕೊಡುವ ಮೊದಲ ಉಡುಗೊರೆ ಎಂದುಕೊಂಡು ಅದನ್ನು ಕಟ್ಟೆಯ ನಡುವೆ, ಎದ್ದು ಕಾಣುವಂತೆ ಇಟ್ಟಳು.

ಅತ್ತೆ ಬಂದರು. ಹೊಸ್ತಿಲು ದಾಟಿ ಎರಡು ಹೆಜ್ಜೆ ಇಟ್ಟವರು ಹಾಗೇ ನಿಂತುಬಿಟ್ಟರು.

"ಇದು ಯಾರ ಮನೆ?"

ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. ಎಡಗೈ ಚಾಚಿ ಒಲೆಯ ಪಕ್ಕ ತಡವಿದರು. ಉಪ್ಪಿನ ಬದಲು ಬೇರೇನೋ ಕೈಗೆ ಸಿಕ್ಕಿತು.

"ಕರಿಯಣ್ಣ ಎಲ್ಲಿ?"

"ನಿಮ್ಮೆದುರಿಗೇ ಇದೆಯಲ್ಲ ಅತ್ತೆ."

"ಎಲ್ಲಿ? ಬಿಸಾಕಿದ್ಯೇನೇ ಅದನ್ನ?"

"ಅಯ್ಯೋ, ಇಲ್ಲೇ, ನೋಡಿ!"

ಸೊಸೆ ಚಾಕುವಿನ ಹಿಡಿಯನ್ನು ಅವರ ಕೈಗೆ ಕೊಟ್ಟಳು. ಹೊಗಳಿಕೆಗೆ ಕಾದ ಅವಳ ಮುಖದ ನಗು ಇನ್ನೂ ಆರಿರಲಿಲ್ಲ. ಅತ್ತೆ ಹೆಬ್ಬೆರಳಿನಿಂದ ಅಲಗನ್ನು ಉದ್ದಕ್ಕೂ ಸವರಿದರು. ಮತ್ತೆ ಸವರಿದರು. ಮುಖದ ರಕ್ತವೆಲ್ಲ ಇಳಿದುಹೋಯಿತು.

"ಏನು ಮಾಡಿಬಿಟ್ಟೆ ನೀನು? ಚರ್ಮ ಸುಲಿದಿಟ್ಟಿದ್ದೀಯಲ್ಲೇ!"

"ತೊಳೆದೆ ಅತ್ತೆ. ಕಪ್ಪು ಹಿಡಿದಿತ್ತು."

"ಅದು ಕೊಳೆ ಅಂತ ನಿನಗ್ಯಾರು ಹೇಳಿದ್ದು? ನಾನು ನಿನ್ನ ಕೇಳಿದ್ನಾ ತೊಳಿ ಅಂತ?"

ನಾದಿನಿಯ ನಗು ಬಾಯಲ್ಲೇ ಒಣಗಿತು. ಮಾವ ದಿನಪತ್ರಿಕೆಯ ಹಿಂದಿನಿಂದ ತಲೆ ಹೊರಗೆ ಹಾಕಿದರು. ಅತ್ತೆ ಆ ದಿನ ಅಡುಗೆಮನೆಯಿಂದ ಹೊರಗೆ ಹೋದವರು ಊಟಕ್ಕೂ ಬರಲಿಲ್ಲ. ಒಂದು ಚಾಕುವಿಗಾಗಿ ಇಷ್ಟೊಂದು ರಂಪವೇ ಎಂದು ಸೊಸೆ ಅಂಗೈಯ ಬೊಬ್ಬೆಗಳನ್ನು ನೋಡಿಕೊಳ್ಳುತ್ತಾ ದಂಗಾಗಿ ಕೂತಳು.

ಮಾರನೆಯ ಬೆಳಿಗ್ಗೆ ಚಾಕುವಿನ ಮೇಲೆ ಕಿತ್ತಳೆ ಬಣ್ಣದ ಚುಕ್ಕೆಗಳೆದ್ದಿದ್ದವು. ಅಪ್ಪಟ ತುಕ್ಕು. ಸೊಸೆ ಹೌಹಾರಿ ಮತ್ತೆ ಉಜ್ಜಿದಳು. ಅದರ ಮಾರನೆಯ ದಿನ ಮತ್ತೆ ತುಕ್ಕು, ಮತ್ತೆ ಉಜ್ಜುವುದು. ಹೆಚ್ಚಿದ ಈರುಳ್ಳಿ ಬಾಣಲೆಗೆ ಬೀಳುವ ಮೊದಲೇ ಕಂದುತ್ತಿತ್ತು. ಸೇಬಿನ ಹೋಳುಗಳ ಮೇಲೆ ಬೂದು ಗೆರೆ ಮೂಡುತ್ತಿತ್ತು.

"ಮೊಳೆ ನೆಕ್ಕಿದ ಹಾಗಿದೆ," ಎಂದು ಅವಳ ಗಂಡ ತಟ್ಟೆ ಸರಿಸಿದ. ಅವನು ಲಿಫ್ಟ್ ಮೆಕ್ಯಾನಿಕ್. ದಿನವಿಡೀ ಕಬ್ಬಿಣದ ಹಗ್ಗಗಳ ಜೊತೆ ಹೆಣಗುವವನಿಗೆ ಮನೆಯಲ್ಲೂ ಅದೇ ವಾಸನೆ ಬೇಡವಾಗಿತ್ತು.

ಮಾವ ಬಡಗಿ. ಕೆಲಸ ಬಿಟ್ಟರೂ ಉಳಿಗಳನ್ನು ಬಿಟ್ಟಿರಲಿಲ್ಲ. ಹಿತ್ತಲ ಬಾಗಿಲಲ್ಲಿ ಕೂತು ಒಂದೊಂದಕ್ಕೂ ಎಣ್ಣೆ ಸವರುವುದೇ ಅವರ ಸಂಜೆಯ ಕೆಲಸ. ಅವರು ಸೊಸೆಯನ್ನು ಕರೆದರು.

"ನೋಡು ಮಗು, ಕಬ್ಬಿಣಕ್ಕೆ ಎರಡು ಥರ ಬಣ್ಣ ಬರುತ್ತೆ. ಕೆಂಪು ಅದನ್ನ ತಿನ್ನುತ್ತೆ. ಕಪ್ಪು ಅದನ್ನ ಕಾಯುತ್ತೆ. ಕಪ್ಪು ಗಟ್ಟಿಯಾಗಿ ಕೂತಿದ್ರೆ ಕೆಂಪಿಗೆ ಜಾಗ ಕಮ್ಮಿ. ನೀನು ದಿನಾ ಉಜ್ಜಿ ಉಜ್ಜಿ ಬಾಗಿಲು ತೆಗೆದಿಡ್ತಿದ್ದೀಯ."

"ಹಾಗಾದ್ರೆ ನಮ್ಮ ಆಸ್ಪತ್ರೆಯವ್ರೆಲ್ಲ ಪೆದ್ದರಾ ಮಾವ?"

"ನಿಮ್ಮದು ಸ್ಟೀಲು. ಅದರ ಜಾತಿ ಬೇರೆ. ಅದು ತಾನೇ ತನ್ನನ್ನ ನೋಡ್ಕೊಳ್ಳುತ್ತೆ."

"ಅಷ್ಟು ಸುಲಭ ಅಲ್ಲ ಬಿಡಿ. ಉಪ್ಪುನೀರಲ್ಲಿ ಬಿಟ್ರೆ ಅದಕ್ಕೂ ಗುಳಿ ಬೀಳುತ್ತೆ. ನಾನು ದಿನಾ ನೋಡ್ತೀನಲ್ಲ."

"ಹೌದಾ?" ಎಂದು ಮಾವ ನಿಜವಾಗಿಯೂ ಆಶ್ಚರ್ಯಪಟ್ಟರು. "ಇದು ನನಗೆ ಗೊತ್ತಿರಲಿಲ್ಲ."

ಜಗಳ ಬೇಡವೆಂದು ಗಂಡ ಒಂದು ಒಳ್ಳೆಯ ಸ್ಟೀಲ್ ಚಾಕು ತಂದ. ಅತ್ತೆ ಅದನ್ನು ಎರಡು ದಿನ ಹಿಡಿದರು.

"ಇದು ಹೆಚ್ಚಲ್ಲ, ಜಜ್ಜುತ್ತೆ. ನಿನ್ನ ಹೆಂಡ್ತಿಗೇ ಇಟ್ಕೋ."

"ಅಮ್ಮಾ, ಅವಳು ಬೇಕಂತ ಮಾಡಿದ್ದಲ್ಲ."

"ನಾನೇನಂದೆ ಈಗ? ಬೇಕಂತ ಮಾಡಿದ್ಳು ಅಂದ್ನಾ?"

ಆದರೆ ಅತ್ತೆ ತಾವೇ ಬೇಕಂತ ಮಾಡುತ್ತಿದ್ದಾರೆ ಎಂದು ಸೊಸೆಗೆ ಅನ್ನಿಸತೊಡಗಿದ್ದು ಆ ವಾರಗಳಲ್ಲೇ. ಅವಳು ತಂದ ಗಾಜಿನ ಲೋಟ ಒಡೆಯಿತು. ಮೊಟ್ಟೆಗೆ ಉಪ್ಪಿನ ಬದಲು ಸಕ್ಕರೆ ಬಿತ್ತು. ಬೀನ್ಸಿನ ತೊಟ್ಟುಗಳು ಹಾಗೇ ಬೆಂದವು. ಕೇಳಿದರೆ, "ನಿನ್ನ ಡಬ್ಬಿಗಳನ್ನೇ ಕೇಳು. ಎಲ್ಲಾ ಒಂದೇ ಮೂತಿ!" ಎಂಬ ಉತ್ತರ. ಚಿಕ್ಕದಕ್ಕೂ ದೊಡ್ಡದಕ್ಕೂ ಕರೆ. "ಆ ಸೌಟು ಕೊಡು. ಆ ಮುಚ್ಚಳ ಎಲ್ಲಿ? ಚಾಕು ಕೈಗೆ ಕೊಡೇ, ಕಟ್ಟೆ ಮೇಲೆ ಇಡಬೇಡ ಅಂತ ಎಷ್ಟು ಸಲ ಹೇಳ್ಬೇಕು?"

"ರೀ, ನಾವು ಬೇರೆ ಮನೆ ನೋಡೋಣ," ಎಂದಳು ಸೊಸೆ ಒಂದು ಬೆಳಿಗ್ಗೆ, ಗಂಡನ ಅಂಗಿಗೆ ಗುಂಡಿ ಹೊಲಿಯುತ್ತಾ.

"ಒಂದು ಚಾಕುಗೋಸ್ಕರನಾ?"

"ಚಾಕು ನೆಪ. ನನ್ನ ಕಂಡ್ರೆ ಅವರಿಗೆ ಆಗಲ್ಲ. ನಾನು ಎದುರು ನಿಂತ್ರೂ ಮುಖ ಕೊಟ್ಟು ಮಾತಾಡಲ್ಲ. ಗೋಡೆ ಕಡೆ ನೋಡ್ಕೊಂಡು ಮಾತಾಡ್ತಾರೆ."

ಗುಂಡಿ ಹೊಲಿದಾದ ಮೇಲೆ ಗಂಡ ಅಂಗಿ ತೊಟ್ಟುಕೊಂಡು ಹೊರಟುಹೋದ.

ಅದಾದ ಮೂರನೆಯ ದಿನವೋ ನಾಲ್ಕನೆಯದೋ, ಸೊಸೆಗೆ ರಜೆಯಿತ್ತು. ಸೊಸೆ ಪಾತ್ರೆ ತೊಳೆಯುತ್ತಿದ್ದಳು. ಅವಳ ಬೆನ್ನ ಹಿಂದೆ ಕಟ್ಟೆಯ ಬಳಿ ಅತ್ತೆ ಟೊಮೆಟೊ ಹೆಚ್ಚುತ್ತಿದ್ದರು. ಸ್ಟೀಲು ಬೇಡವೆಂದ ಮೇಲೆ ಮತ್ತೆ ಆ ಬೆಳ್ಳಗಿನ ಕರಿಯಣ್ಣನನ್ನೇ ಹಿಡಿದಿದ್ದರು. ಅಪರೂಪಕ್ಕೆ ಅವರ ದನಿ ಹಗುರವಾಗಿತ್ತು.

"ಈ ಟೊಮೆಟೊ ಎಲ್ಲಿ ತಂದೆ? ತುಂಬಾ ಹಣ್ಣಾಗಿದೆ ಕಣೇ. ರಸ ಹೇಗೆ ಸೋರ್ತಿದೆ ನೋಡು, ಕೈಯೆಲ್ಲಾ ಒದ್ದೆ."

"ನಿನ್ನೆಯದೇ ಅತ್ತೆ, ಗಟ್ಟಿಯಾಗೇ ಇತ್ತಲ್ಲ," ಎನ್ನುತ್ತಾ ಸೊಸೆ ತಿರುಗಿದಳು.

ಬಿಳಿ ಟೈಲ್ಸಿನ ಮೇಲೆ ಹರಿದು ಅಂಚಿನಿಂದ ತೊಟ್ಟಿಕ್ಕುತ್ತಿದ್ದದ್ದು ಟೊಮೆಟೊ ರಸವಲ್ಲ. ಅತ್ತೆಯ ಎಡಗೈಯ ಎರಡು ಬೆರಳುಗಳು ನಡುಗೆಣ್ಣಿನವರೆಗೆ ಬಿರಿದಿದ್ದವು. ಹಣ್ಣಿನ ಹೋಳುಗಳೆಲ್ಲ ರಕ್ತದಲ್ಲಿ ತೇಲುತ್ತಿದ್ದವು. ಅತ್ತೆ ಆ ಕೈಯಲ್ಲೇ ಇನ್ನೊಂದು ಹಣ್ಣನ್ನು ಒತ್ತಿ ಹಿಡಿದು, ಮುಖದಲ್ಲಿ ಒಂದಿಷ್ಟೂ ನೋವಿಲ್ಲದೆ, ಅದರ ಮೇಲೆ ಚಾಕು ಇಡುತ್ತಿದ್ದರು.

ಸೊಸೆ ಓಡಿ ಬಂದು ಚಾಕು ಕಿತ್ತುಕೊಂಡಳು.

"ಏನೇ? ಏನಾಯ್ತು? ಯಾಕೆ ಕಿತ್ಕೋತೀಯ?"

"ಅತ್ತೆ... ರಕ್ತ."

"ಯಾರಿಗೆ?" ಎಂದರು ಅತ್ತೆ.

ಆ ಒಂದು ಮಾತು ಸೊಸೆಯ ಎದೆಗೆ ಹೊಡೆದಂತೆ ಬೇರೆ ಯಾವುದೂ ಹೊಡೆದಿರಲಿಲ್ಲ. ಆಪರೇಷನ್ ಕೋಣೆಯಿಂದ ಬರುವ ತಟ್ಟೆಗಳಲ್ಲಿ ದಿನವೂ ರಕ್ತ ಕಂಡವಳು ಅವಳು. ಈಗ ಟವಲನ್ನು ಒಂದು ಸುತ್ತು ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು.

ಹೊಲಿಗೆ ಹಾಕಿದ್ದು ಅವಳ ಆಸ್ಪತ್ರೆಯಲ್ಲೇ. ಹರಿತವಾದ ಚಾಕು, ಒಲೆಯ ಮುಂದೆ ಕಾಲ ಕಳೆದು ದಪ್ಪಗಟ್ಟಿದ ಬೆರಳು, ಅದಕ್ಕೇ ಮೊದಲಿಗೆ ತಿಳಿದಿಲ್ಲ ಎಂದರು ಅಲ್ಲಿಯವರು. ಆದರೆ ಕಾಣಲಿಲ್ಲವೇಕೆ ಎಂಬುದಕ್ಕೆ ಯಾರೂ ಏನೂ ಹೇಳಲಿಲ್ಲ. ಹೊಲಿಗೆ ಮುಗಿದ ಮೇಲೆ ಸೊಸೆ ಔಷಧಿ ತರಲು ಹೋಗಿ ಬರುವಷ್ಟರಲ್ಲಿ, ಹಾದಿಯ ಬೆಂಚಿನಲ್ಲಿ ಕೂತಿದ್ದ ಅತ್ತೆ ಎದುರು ಬಂದು ನಿಂತ ಯಾರೋ ನರ್ಸಿನ ಸೆರಗಿನಂಚಿಗೆ ಕೈಹಾಕಿ, "ಬಂದ್ಯಾ? ಮನೆಗೆ ಹೋಗೋಣ ಕಣೇ, ಒಲೆ ಆರಿಸಿದ್ಯೋ ಇಲ್ವೋ," ಎನ್ನುತ್ತಿದ್ದರು. ನರ್ಸು ತಬ್ಬಿಬ್ಬಾಗಿ ನಿಂತಿದ್ದಳು.

ಸೊಸೆ ಬಂದು ಪಕ್ಕದಲ್ಲಿ ಕೂತಳು.

"ಅತ್ತೆ, ನಿಮಗೆ ಕಾಣಲ್ವಾ?"

"ಕಾಣುತ್ತೆ."

"ಅತ್ತೆ."

"ಕಾಣುತ್ತೆ ಅಂದ್ನಲ್ಲ! ಬೆಳಕು ಕಾಣುತ್ತೆ. ಯಾರಾದ್ರೂ ಓಡಾಡಿದ್ರೆ ಗೊತ್ತಾಗುತ್ತೆ." ದನಿ ತಗ್ಗಿತು. "ಒಂದು ಕಣ್ಣಲ್ಲಿ ನಡುವೆ ಏನೂ ಇಲ್ಲ, ತೂತು. ಇನ್ನೊಂದರಲ್ಲಿ ಎಲ್ಲಾ ಹಾಲು ಹಾಲು."

"ಎಷ್ಟು ದಿನದಿಂದ?"

"ನೀನು ಬರೋಕೆ ಮುಂಚಿನಿಂದ."

"ಮತ್ತೆ ಅಡುಗೆ? ದಿನಾ ಮಾಡ್ತಿದ್ರಲ್ಲ?"

"ಅದಕ್ಕೆ ಕಣ್ಯಾಕೆ? ಕೈಗೆ ಗೊತ್ತು. ಡಬ್ಬಿ ಅದರದರ ಜಾಗದಲ್ಲಿದ್ರೆ ಆಯ್ತು. ಆ ಚಾಕು ಕಪ್ಪಗಿತ್ತು ಕಣೇ. ಬಿಳಿ ಕಟ್ಟೆ ಮೇಲೆ ಅದೊಂದೇ ಕಪ್ಪು. ಎಲ್ಲಿ ಈರುಳ್ಳಿ ಮುಗೀತು, ಎಲ್ಲಿ ಚಾಕು ಶುರುವಾಯ್ತು ಅಂತ ನನಗೆ ತಿಳೀತಿತ್ತು. ಈಗ ಎಲ್ಲಾ ಒಂದೇ ಬಿಳುಪು. ಹಾಲಲ್ಲಿ ಬಿದ್ದ ಬಿಳಿ ದಾರ ಹುಡುಕಿದ ಹಾಗೆ."

ಬೊಬ್ಬೆಗಳು ಎಂದೋ ಮಾಗಿದ್ದ ಸೊಸೆಯ ಅಂಗೈ ಒಮ್ಮೆಲೇ ಉರಿದಂತಾಯಿತು.

"ಒಂದು ಮಾತು ಹೇಳ್ಬಾರ್ದಿತ್ತಾ ಅತ್ತೆ?"

"ಹೇಳಿದ್ರೆ ಕೂರಿಸ್ತಾರೆ. ಕೂತ್ರೆ ನಾನು ಏಳಲ್ಲ. ನನ್ನ ನನಗೆ ಗೊತ್ತು." ಅತ್ತೆ ಅವಳತ್ತ ತಿರುಗಿದರು. ದೃಷ್ಟಿ ಅವಳ ಕಿವಿಯ ಪಕ್ಕ ಎಲ್ಲೋ ನಿಂತಿತ್ತು. "ನಿನ್ನ ಮುಖಾನೇ ನಾನು ಸರಿಯಾಗಿ ನೋಡಿಲ್ಲ. ನಿನ್ನ ನಡಿಗೆ ಗೊತ್ತು. ಬಾಗಿಲು ಹಾಕೋ ಸದ್ದು ಗೊತ್ತು. ಹುಡುಗಿ ನೋಡೋಕೆ ಬಂದಾಗ ಎಲ್ಲರೂ ಹೇಗಿದ್ದಾಳೆ ಅಂತ ಕೇಳಿದ್ರು. ನಾನು ದನಿ ಕೇಳಿ ಒಪ್ಪಿದ್ದು."

ಸೊಸೆ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಗೋಡೆ ನೋಡಿಕೊಂಡು ಮಾತಾಡುತ್ತಾರೆ ಎಂದು ಗಂಡನ ಬಳಿ ದೂರಿದ್ದು ನೆನಪಾಗಿ, ಕೂತಲ್ಲೇ ಕುಗ್ಗಿದಳು.

"ಮನೇಲಿ ಹೇಳ್ಬೇಡ," ಎಂದರು ಅತ್ತೆ.

"ಹೇಳ್ತೀನಿ."

"ಹೇಳ್ಬೇಡ ಅಂದ್ನಲ್ಲ! ನಿನಗೇನು, ಅಡುಗೆಮನೆ ನಿನ್ನದಾಗುತ್ತೆ ಅಂತಾನಾ?"

"ನನಗೆ ನಿಮ್ಮ ಅಡುಗೆಮನೆ ಬೇಡ. ಆದ್ರೆ ಇವತ್ತು ನೋಡಿದ್ದನ್ನ ನಾನು ಇನ್ನೊಂದು ಸಲ ನೋಡಲ್ಲ. ಮೊದಲು ಏಳಿ, ಕಣ್ಣಿನ ಡಾಕ್ಟರು ಕೆಳಗಡೇನೇ ಇದ್ದಾರೆ."

ಡಾಕ್ಟರು ನೋಡಿದರು. ಬಲಗಣ್ಣಿನ ಪೊರೆ ತೆಗೆಯಬಹುದು. ಕೈ ಮಾಗಿದ ಮೇಲೆ ದಿನ ಕೊಡುತ್ತೇವೆ. ಎಡಗಣ್ಣಿನ ಒಳಪರದೆ ನಡುವಿನಲ್ಲಿ ಸವೆದಿದೆ. ಅಲ್ಲಿ ಮಾಡುವಂಥದ್ದು ಏನೂ ಉಳಿದಿಲ್ಲ. "ಬಲಗಣ್ಣಲ್ಲಿ ಎಷ್ಟು ಬರುತ್ತೆ ಅಂತ ಈಗಲೇ ಹೇಳಕ್ಕಾಗಲ್ಲಮ್ಮ. ಇಷ್ಟು ತಡ ಯಾಕೆ ಮಾಡಿದ್ರಿ?" ಎಂದು ಕೇಳಿದ್ದು ಸೊಸೆಯನ್ನು.

ಸಂಜೆ ಊಟದ ಮೇಜಿನ ಸುತ್ತ ಎಲ್ಲರೂ ಕೂತಾಗ ಅವಳು ಹೇಳಿದಳು. ತಟ್ಟೆಗಳಲ್ಲಿ ಬೇಯಿಸಿದ ಆಲೂಗಡ್ಡೆ, ಬ್ರೆಡ್ಡು. ಯಾರ ಕೈಯೂ ಮುಂದೆ ಹೋಗಲಿಲ್ಲ.

"ಸುಳ್ಳು," ಎಂದಳು ನಾದಿನಿ. "ಮೊನ್ನೆ ನನ್ನ ಹೊಸ ಅಂಗಿ ನೋಡಿ ಹಳದಿ ನಿನಗೆ ಒಪ್ಪುತ್ತೆ ಅಂದ್ಲಲ್ಲ ಅಮ್ಮ?"

"ಹಳದಿ ತಗೊಂಡೆ ಅಂತ ನೀನೇ ಬಾಗಿಲಿಂದ ಕೂಗ್ಕೊಂಡು ಬಂದಿದ್ದೆ," ಎಂದರು ಅತ್ತೆ, ತಲೆ ತಗ್ಗಿಸಿ.

ನಾದಿನಿ ತನ್ನ ತಟ್ಟೆಯನ್ನು ಮುಂದಕ್ಕೆ ತಳ್ಳಿದಳು.

"ಎದುರು ಕೂತು ದಿನಾ ತಿಂದಿದ್ದೀನಿ," ಎಂದ ಮಗ. "ಇದೇ ಕುರ್ಚಿಯಲ್ಲಿ. ದಿನಾ!" ತನ್ನನ್ನೇ ಬೈದುಕೊಳ್ಳುತ್ತಿದ್ದಾನೋ ತಾಯಿಯನ್ನೋ ತಿಳಿಯುವಂತಿರಲಿಲ್ಲ.

ಮಾವ ತಮ್ಮ ಗಲ್ಲ ಸವರಿಕೊಂಡರು.

"ಗಡ್ಡ ಸರಿಯಾಗಿ ಹೋಗಿದೆಯಾ ನೋಡು ಅಂದ್ರೆ, ದಿನಾ ಕೈಯಿಂದ ಮುಟ್ಟಿ ಮುಟ್ಟಿ ನೋಡ್ತಿದ್ಲು. ನಾನು ಪ್ರೀತಿಗೆ ಅಂದ್ಕೊಂಡಿದ್ದೆ."

"ಅದೂ ಇತ್ತು ಬಿಡಿ," ಎಂದರು ಅತ್ತೆ.

ಯಾರಿಗೂ ನಗಲಾಗಲಿಲ್ಲ. ಮಗ ಕುರ್ಚಿ ಹಿಂದೆ ತಳ್ಳಿ ಎದ್ದ.

"ಆಯ್ತು, ಮುಗೀತು. ಇವತ್ತಿಂದ ನೀನು ಅಡುಗೆಮನೆಗೆ ಕಾಲಿಡ್ಬಾರ್ದು. ಒಲೆ, ಚಾಕು, ಬಿಸಿನೀರು, ಯಾವುದೂ ಬೇಡ. ಎಲ್ಲಾ ನಾವು ನೋಡ್ಕೋತೀವಿ. ನೀನು ಆರಾಮಾಗಿ ಕೂತ್ಕೋ."

"ರೀ, ಹಾಗೆ ಒಂದೇ ಸಲಕ್ಕೆ..." ಎಂದಳು ಸೊಸೆ.

"ನೀನು ಸುಮ್ನಿರು. ನೀನು ಉಜ್ಜಿದ್ದಕ್ಕೇ ಇಷ್ಟಾಗಿದ್ದು."

ಅತ್ತೆ ಸೊಸೆಯ ದನಿ ಬಂದ ಕಡೆಗೆ ಒಮ್ಮೆ ಮುಖ ತಿರುಗಿಸಿದರು, ಅಷ್ಟೇ. ಹೇಳಿದ್ನಲ್ಲ ನಾನು ಎನ್ನುವಂತೆ.

ಅಡುಗೆ ಹಂಚಿಕೆಯಾಯಿತು. ಬೆಳಿಗ್ಗೆ ಸೊಸೆ, ಸಂಜೆ ನಾದಿನಿ. ನಾದಿನಿಯ ಅನ್ನ ಒಂದು ದಿನ ಗಂಜಿ, ಒಂದು ದಿನ ಕಲ್ಲು. "ಚಪ್ಪಲಿಗೆ ಅಂಟಿಸೋಕೆ ಆಗುತ್ತೆ, ಒಂದಿಷ್ಟು ಅಂಗಡಿಗೆ ತಗೊಂಡು ಹೋಗು," ಎಂದು ಅಣ್ಣ ಕುಟುಕಿದರೆ, "ನಾಳೆಯಿಂದ ನೀನೇ ಬೇಯಿಸು, ಲಿಫ್ಟಿನಲ್ಲಿಟ್ಟು ಮೇಲಕ್ಕೆ ಕಳಿಸು," ಎಂದು ಅವಳು ತಿರುಗಿಸಿ ಕೊಡುತ್ತಿದ್ದಳು. ಮೊದಮೊದಲು ಅತ್ತೆ ಕುರ್ಚಿಯಿಂದಲೇ ಕೂಗಿ ಹೇಳುತ್ತಿದ್ದರು. "ಹೊತ್ತುತ್ತಿದೆ, ಉರಿ ಸಣ್ಣ ಮಾಡು. ನೀರು ಸಾಲದು, ಸದ್ದು ಕೇಳಿಸ್ತಿಲ್ವಾ?" ಆಮೇಲೆ ಅದೂ ನಿಂತಿತು. ಹೊತ್ತಿದ ವಾಸನೆ ಮನೆಯೆಲ್ಲ ತುಂಬಿದರೂ ಮೂಗು ಎತ್ತಲಿಲ್ಲ. ಬೆಳಿಗ್ಗೆ ತಲೆ ಬಾಚಿಕೊಳ್ಳುವುದು ಮಧ್ಯಾಹ್ನಕ್ಕೆ ಹೋಯಿತು. ಬರಬರುತ್ತಾ ಅದನ್ನೂ ಸೊಸೆ ನೆನಪಿಸಬೇಕಾಯಿತು. ತಟ್ಟೆ ಕೈಗಿಟ್ಟರೆ ತಿನ್ನುತ್ತಿದ್ದರು. ಇಡದಿದ್ದರೆ ಕೇಳುತ್ತಿರಲಿಲ್ಲ. ಕಣ್ಣಿನ ಆಪರೇಷನ್ನಿಗೆ ದಿನ ಗೊತ್ತಾಗಿದೆ ಎಂದಾಗಲೂ, "ಯಾಕೆ, ಕೂತ್ಕೊಂಡಿರೋಕೆ ಕಣ್ಣು ಬೇಕಾ?" ಎಂದು ಮಲಗಿಬಿಟ್ಟರು.

ಇಷ್ಟು ಬೇಗ! ಸೊಸೆ ಬೆಚ್ಚಿದಳು. ಕಣ್ಣಿಲ್ಲದೆ ಐದು ಜನರ ಅಡುಗೆ ಮಾಡುತ್ತಿದ್ದ ಹೆಂಗಸು ಒಂದು ಕುರ್ಚಿ ಸಿಕ್ಕಿದ ಕೂಡಲೇ ಹೀಗೆ ಕರಗಿಹೋಗುವುದೇ?

ಅವಳು ಹಿತ್ತಲಿಗೆ ಹೋಗಿ ಮಾವನ ಮುಂದೆ ನಿಂತಳು.

"ಮಾವ, ಕಪ್ಪು ವಾಪಸ್ ಬರೋ ಹಾಗೆ ಮಾಡಕ್ಕಾಗುತ್ತಾ?"

"ಬರುತ್ತೆ. ಹೆಚ್ಚುತ್ತಾ ಹೆಚ್ಚುತ್ತಾ ತಾನೇ ಬರುತ್ತೆ. ಉಜ್ಜೋಕೆ ಒಂದು ಮಧ್ಯಾಹ್ನ ಸಾಕು. ಕಪ್ಪಾಗೋಕೆ ಕಾಲ ಬೇಕು."

"ಅಷ್ಟು ಕಾಲ ಇಲ್ಲ."

ಮಾವ ಅವಳ ಮುಖ ನೋಡಿದರು. ಉಳಿ ಕೆಳಗಿಟ್ಟರು.

"ಜಿಡ್ಡೆಲ್ಲ ತೆಗಿ. ವಿನೆಗರ್ ಬಿಸಿ ಮಾಡಿ ಅದರಲ್ಲಿ ಅದ್ದಿಡು. ಬೂದು ಬಣ್ಣ ಬಂದ ಮೇಲೆ ಕಡು ಚಹಾದಲ್ಲಿ ಇಡು. ತೊಳಿ, ಒರೆಸು, ಮತ್ತೆ ಇಡು. ಹಟ ಹಿಡಿದು ಮಾಡ್ಬೇಕು. ಕೊನೇಲಿ ಎಣ್ಣೆ."

ಉಜ್ಜಲು ಸುರಿದಿದ್ದ ಅದೇ ವಿನೆಗರನ್ನು ಅವಳು ಈಗ ಕಲೆ ಹಿಡಿಸಲು ಕಾಯಿಸಿದಳು. ಬೆಳಿಗ್ಗೆ ಆಸ್ಪತ್ರೆಯಲ್ಲಿ ಚುಕ್ಕೆ ಕಂಡ ತಟ್ಟೆಯನ್ನು ವಾಪಸ್ ಕಳಿಸಿ ಬಂದ ಕಣ್ಣುಗಳು ಸಂಜೆ ಪಾತ್ರೆಯೊಳಗೆ ಬಗ್ಗಿ, ಬಂತೇ, ಕಲೆ ಬಂತೇ ಎಂದು ಕಾಯುತ್ತಿದ್ದವು.

"ಅತ್ತಿಗೆ, ನಿಮ್ಮ ಮೇಡಂ ನೋಡಿದ್ರೆ ಕೆಲಸದಿಂದ ಓಡಿಸ್ತಾರೆ," ಎಂದಳು ನಾದಿನಿ. ಹಾಗೆಂದು ಚಹಾಪುಡಿಯ ಡಬ್ಬಿಯನ್ನು ತಾನೇ ತಂದುಕೊಟ್ಟಳು. ಬೂದು ಬಂತು. ಬೂದು ಮಂಕಾಯಿತು. ಮಂಕು ದಿನದಿನಕ್ಕೆ ದಟ್ಟವಾಗಿ, ಒಂದು ಸಂಜೆ ಅಲಗು ಇದ್ದಿಲಿನಂತಾಯಿತು. ಮೊದಲಿನ ನೀಲಿಯಿಲ್ಲ, ಮೋಡಗಳಿಲ್ಲ. ಒಂದು ಕಡೆ ಪಟ್ಟೆ ಪಟ್ಟೆಯಾಗಿತ್ತು. ಆದರೆ ಕಪ್ಪು. ಬಿಳಿ ಕಟ್ಟೆಯ ಮೇಲಿಟ್ಟು ಹಿಂದೆ ಸರಿದು, ಕಣ್ಣನ್ನು ಅರ್ಧ ಮುಚ್ಚಿ ನೋಡಿದಳು. ಬೇರೆಲ್ಲ ಮಸುಕಾದರೂ ಅದೊಂದು ಉಳಿಯಿತು. ಅಷ್ಟರಲ್ಲಾಗಲೇ ಸ್ಟೀಲ್ ಡಬ್ಬಿಗಳು ಅಟ್ಟ ಸೇರಿದ್ದವು. ಉಪ್ಪು ಒಲೆಯ ಎಡಕ್ಕೆ ಮರಳಿತ್ತು.

ಕೈಯ ಹೊಲಿಗೆ ಬಿಚ್ಚಿ ಗಾಯ ಮಾಗುತ್ತಾ ಬಂದಿತ್ತು. ಗಂಡ ಕೆಲಸಕ್ಕೆ ಹೋಗಿದ್ದ, ನಾದಿನಿ ಇನ್ನೂ ಅಂಗಡಿಯಿಂದ ಬಾರದಿದ್ದ ಒಂದು ದಿನ ಸಂಜೆಯ ಹೊತ್ತಿಗೆ ಸೊಸೆ ಕುರ್ಚಿಯ ಮುಂದೆ ಬಂದು ನಿಂತಳು.

"ಅತ್ತೆ, ಏಳಿ."

"ಯಾಕೆ?"

"ಈರುಳ್ಳಿ ಹೆಚ್ಬೇಕು."

"ನೀನೇ ಹೆಚ್ಕೋ."

"ನಾನು ಹೆಚ್ಚಿದ್ರೆ ದಪ್ಪ ದಪ್ಪ ಬರುತ್ತೆ. ನಿಮ್ಮ ಮಗ ಮುಖ ಸಿಂಡರಿಸ್ತಾರೆ."

"ಅವನು ಬೇಡ ಅಂದಿದ್ದಾನಲ್ಲ."

"ಅವರು ಈಗ ಯಾವುದೋ ಕಟ್ಟಡದ ಐದನೇ ಮಹಡಿಯಲ್ಲಿ ನೇತಾಡ್ತಿರ್ತಾರೆ. ಏಳಿ ಅತ್ತೆ."

ಅತ್ತೆ ಏಳಲು ಬಹಳ ಹೊತ್ತು ಹಿಡಿಯಿತು. ಕಾಲುಗಳು ಸೊಸೆ ಅಂದುಕೊಂಡದ್ದಕ್ಕಿಂತ ಹೆಚ್ಚು ಸೋತಿದ್ದವು. ಕಟ್ಟೆಯ ಬಳಿ ಬಂದು, ಬೇಸರದಿಂದಲೇ ತಲೆ ತಗ್ಗಿಸಿದರು. ಚಾಕು ಎಲ್ಲಿದೆ ಎಂದು ಸೊಸೆ ಹೇಳಲಿಲ್ಲ, ಕೈಗೂ ಕೊಡಲಿಲ್ಲ.

ಅತ್ತೆಯ ಬಲಗೈ ತಡವದೆ, ತಡೆಯದೆ, ನೇರವಾಗಿ ಹೋಗಿ ಚಾಕುವಿನ ಹಿಡಿಯನ್ನು ಹಿಡಿಯಿತು.

ಇಬ್ಬರೂ ಬೆಚ್ಚಿಬಿದ್ದರು.

"ಅಯ್ಯೋ!" ಎಂದರು ಅತ್ತೆ. "ಇದು ಕಾಣ್ತಿದೆ ಕಣೇ."

ಹೆಬ್ಬೆರಳಿನಿಂದ ಅಲಗನ್ನು ಸವರಿದರು. "ಇದು ಮೊದಲಿನದಲ್ಲ. ನೀನು ಮಾಡಿದ್ದು."

"ಹೂಂ."

"ಒಂದು ಕಡೆ ದೊರಗು ಬಂದಿದೆ."

"ಬಂದಿದೆ ಅತ್ತೆ."

"ಇರ್ಲಿ. ಈರುಳ್ಳಿ ಕೊಡು."

ಮೊದಲ ಈರುಳ್ಳಿಯನ್ನು ಅವರು ಹೆಚ್ಚಿದ್ದು ಆಮೆಯ ವೇಗದಲ್ಲಿ. ಬೆರಳ ತುದಿಗಳನ್ನು ಒಳಕ್ಕೆ ಮಡಚಿ, ಕಪ್ಪು ಅಲಗು ಬೆರಳ ಗೆಣ್ಣಿಗೆ ತಾಗುವಂತಿಟ್ಟುಕೊಂಡು. ಸೊಸೆಯ ಕೈ ಅವರ ಕೈಯಿಂದ ಒಂದು ಗೇಣು ದೂರದಲ್ಲಿ ಗಾಳಿಯಲ್ಲೇ ನಿಂತಿತ್ತು. ಎರಡನೆಯದಕ್ಕೆ ಚಾಕುವಿಗೆ ಲಯ ಬಂತು. ಮೂರನೆಯದು ಅರ್ಧಕ್ಕೆ ಬಂದಿರುವಾಗ ಬಾಗಿಲ ಸದ್ದಾಯಿತು.

ಗಂಡ, ಹೆಗಲಲ್ಲಿ ಸಲಕರಣೆಗಳ ಚೀಲ ಹೊತ್ತು, ಅಡುಗೆಮನೆಯ ಬಾಗಿಲಲ್ಲಿ. ಅವನ ಮುಖ ಬಿಳಿಚಿಕೊಂಡಿತು.

"ಏನ್ ನಡೀತಿದೆ ಇಲ್ಲಿ?"

"ಕೂಗ್ಬೇಡಿ," ಎಂದಳು ಸೊಸೆ.

"ಕೂಗ್ಬೇಡಿ ಅಂತೀಯಾ? ಗಾಯ ಇನ್ನೂ ಹಸಿ ಇದೆ, ಮತ್ತೆ ಚಾಕು ಕೊಟ್ಟಿದ್ದೀಯಾ? ಬುದ್ಧಿ ನೆಟ್ಟಗಿದೆಯಾ ನಿನಗೆ? ಇನ್ನೊಂದು ಬೆರಳು ಹೋಗ್ಬೇಕಾ? ಅಮ್ಮಾ, ಕೆಳಗಿಡು ಅದನ್ನ!"

ಅತ್ತೆ ತಲೆ ಎತ್ತಲಿಲ್ಲ. ಚಾಕು ನಿಲ್ಲಲೂ ಇಲ್ಲ. ಇಳಿಬಿಸಿಲು ಆಗಷ್ಟೇ ಪಕ್ಕದ ಮನೆಯ ಗೋಡೆ ದಾಟಿ ಕಿಟಕಿಯಿಂದ ಒಳಗೆ ನುಗ್ಗಿತ್ತು. ಅವರು ಕಣ್ಣು ಕಿರಿದು ಮಾಡಿ ಮುಖ ಓರೆ ಮಾಡಿಕೊಂಡಿದ್ದರು. ಮಗ ಚಾಕು ಕಿತ್ತುಕೊಳ್ಳಲು ದಾಪುಗಾಲು ಹಾಕಿ ಬಂದ. ಕಿಟಕಿಗೂ ಕಟ್ಟೆಗೂ ನಡುವೆ ಬಂದು ಕೈ ಚಾಚಿದ.

"ಅಲ್ಲೇ ನಿಂತ್ಕೋ," ಎಂದರು ಅತ್ತೆ.

"ಏನು?"

"ಅಲ್ಲಾಡ್ಬೇಡ. ನೀನು ಹಾಗೆ ಅಡ್ಡ ನಿಂತ್ರೆ ಬಿಸಿಲು ಕಣ್ಣಿಗೆ ಹೊಡೆಯಲ್ಲ. ಚೆನ್ನಾಗಿ ಕಾಣುತ್ತೆ."

ಚಾಚಿದ ಕೈ ಚಾಚಿದಲ್ಲೇ ನಿಂತಿತು. ಅವನು ಹೆಂಡತಿಯತ್ತ ನೋಡಿದ. ಅವಳು ಕಣ್ಣಲ್ಲೇ ಕೆಳಗೆ ತೋರಿಸಿದಳು. ಅವನ ನೆರಳು ಕಟ್ಟೆಯ ಮೇಲೆ ಬಿದ್ದಿತ್ತು. ಅದರೊಳಗೆ ಈರುಳ್ಳಿಯ ಬಿಳುಪು, ಅದರ ಮೇಲೆ ಕಪ್ಪು ಅಲಗು, ಅಲಗಿನ ಈಚೆ ಮಡಚಿದ ಬೆರಳುಗಳು, ಒಂದೊಂದೂ ಬೇರೆ ಬೇರೆಯಾಗಿ ಕಾಣುತ್ತಿದ್ದವು. ಹೋಳುಗಳು ಕಾಗದದಂತೆ ತೆಳ್ಳಗೆ ಬಿಚ್ಚಿಕೊಳ್ಳುತ್ತಿದ್ದವು.

"ಎಷ್ಟು ಹೊತ್ತು ನಿಂತ್ಕೋಬೇಕು?" ಎಂದ ಮಗ. ದನಿ ಅವನದೆಂದು ಗುರುತು ಹತ್ತುವಂತಿರಲಿಲ್ಲ.

"ಈರುಳ್ಳಿ ಮುಗಿಯೋವರೆಗೆ. ಇನ್ನೂ ಇದೆ. ಮಾತಾಡಿಸ್ಬೇಡ, ಕೈ ತಪ್ಪುತ್ತೆ."

ಅವನು ಚೀಲವನ್ನೂ ಇಳಿಸದೆ ನಿಂತ. ಸೊಸೆ ಇನ್ನೊಂದು ಈರುಳ್ಳಿ ಸುಲಿದು ಅತ್ತೆಯ ಎಡಗೈಗೆ ಕೊಟ್ಟಳು. ಕಿಟಕಿಯಲ್ಲಿ ಬಿಸಿಲು ಮೆಲ್ಲಗೆ ಪಕ್ಕಕ್ಕೆ ಜರುಗಿ, ಕಟ್ಟೆಯ ತುದಿಯನ್ನು ಮುಟ್ಟಿತು. ಯಾರೂ ಹೇಳಲಿಲ್ಲ. ಅವನೇ ಒಂದು ಹೆಜ್ಜೆ ಸರಿದು ನಿಂತ.